ಮನೆಯ ಶುಗರ್ ಮೀಟರ್: ಎಷ್ಟು ತಪ್ಪಿದರೆ ಸರಿ?

ನಮ್ಮ ಮನೆಯಲ್ಲಿ ಶುಗರ್ ಮೀಟರ್ ಎರಡಿವೆ. ಒಂದು ಅಪ್ಪನದು, ಆರೇಳು ವರ್ಷದ ಹಳೆಯದು. ಇನ್ನೊಂದನ್ನು ಅಣ್ಣ ಆನ್‌ಲೈನಿನಲ್ಲಿ ರಿಯಾಯಿತಿ ಕಂಡು ತರಿಸಿದ್ದ. ಅದು ಬಂದ ಮಾರನೇ ಬೆಳಿಗ್ಗೆಯೇ ತಕರಾರು ಶುರುವಾಯಿತು. ಅಪ್ಪ ಬೆರಳು ಚುಚ್ಚಿಕೊಂಡು ಒಂದೇ ಹನಿಯನ್ನು ಎರಡೂ ಸ್ಟ್ರಿಪ್ಪಿಗೆ ಮುಟ್ಟಿಸಿದರು. ಹಳೆಯದು 143 ಅಂದಿತು, ಹೊಸದು 168.

"ಇದ್ರಲ್ಲಿ ಯಾವ್ದೋ ಸುಳ್ಳು ಹೇಳ್ತಿರೋದು?" ಅಂತ ಕೇಳಿದರು.

ಅಣ್ಣನಿಗೆ ಉತ್ತರ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿ, ಲ್ಯಾಬಿನವರನ್ನು ಕಾಡಿ, ಡಾಕ್ಟರ ಹತ್ತಿರ ಬೈಸಿಕೊಂಡು ತಿಳಿದದ್ದು ಇಷ್ಟು: ಅವತ್ತು ಎರಡೂ ಸುಳ್ಳು ಹೇಳದೆ ಇದ್ದಿರಬಹುದು. ಅಪ್ಪನ ನಿಜವಾದ ಶುಗರ್ 155 ಇದ್ದಿದ್ದರೆ, 132ರಿಂದ 178ರವರೆಗೆ ಯಾವ ಸಂಖ್ಯೆ ತೋರಿಸಿದರೂ ಆ ಮೀಟರ್ ನಿಯಮದ ಪ್ರಕಾರ ಪಾಸು.

ನಿಯಮ ಅಂದರೆ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡ. 2003ರ ಆವೃತ್ತಿ ಸಡಿಲವಾಗಿತ್ತು, 75ರಿಂದ ಮೇಲಿನ ಶುಗರಿಗೆ ಶೇ. 20ರಷ್ಟು ಆಚೀಚೆ ಆದರೂ ನಡೆಯುತ್ತಿತ್ತು. 2013ರಲ್ಲಿ ಬಿಗಿ ಮಾಡಿದರು. ಈಗ ಲ್ಯಾಬಿನ ಲೆಕ್ಕ 100 ಅಥವಾ ಹೆಚ್ಚಿದ್ದರೆ ಶೇ. 15ರೊಳಗೆ, 100ಕ್ಕಿಂತ ಕಡಿಮೆ ಇದ್ದರೆ 15 ಮಿಲಿಗ್ರಾಂ (ಮೀಟರಿನ ಲೆಕ್ಕದಲ್ಲಿ 15 ಅಂಕ) ಆಚೀಚೆಯೊಳಗೆ ಬರಬೇಕು. ಅದೂ ನೂರು ಅಳತೆಯಲ್ಲಿ 95 ಸಲ ಬಂದರೆ ಸಾಕು. ಉಳಿದ ಐದು ಸಲ ಇದಕ್ಕಿಂತ ದೂರ ಹೋಗಬಹುದು, ಆದರೆ ಚಿಕಿತ್ಸೆಯೇ ಅಡ್ಡದಾರಿ ಹಿಡಿಯುವಷ್ಟು ದೂರ ಹೋಗಬಾರದು ಅನ್ನುವುದಕ್ಕೆ ಬೇರೆ ಷರತ್ತಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇನ್ನೂ ಸ್ವಲ್ಪ ಕಟ್ಟುನಿಟ್ಟು: ಅಲ್ಲಿ ಮನೆ ಬಳಕೆಯ ಮೀಟರ್ ನೂರಕ್ಕೆ 95 ಸಲ ಶೇ. 15ರೊಳಗೆ, 99 ಸಲ ಶೇ. 20ರೊಳಗೆ ಇರಬೇಕು.

ಹಾಗಾಗಿ ಮೆಡಿಕಲ್ ಶಾಪಿನಲ್ಲಿ ನಿಂತು "ಕರೆಕ್ಟಾಗಿ ತೋರ್ಸೋದು ಯಾವ್ದು ಕೊಡಿ" ಅಂತ ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಅಂಗಡಿಯವನಿಗಲ್ಲ, ನಮಗೇ ಕೇಳಿಕೊಳ್ಳಬೇಕು: ಆ ಸಂಖ್ಯೆ ನೋಡಿ ನಾವು ಏನು ಮಾಡುತ್ತೇವೆ?

ಒಂದೇ ಮನೆ, ಮೂರು ಲೆಕ್ಕ

ಅಪ್ಪ ಇನ್ಸುಲಿನ್ ಮೇಲಿದ್ದಾರೆ. ಊಟಕ್ಕೆ ಮುಂಚೆ ಸಂಖ್ಯೆ ನೋಡಿ, ಡಾಕ್ಟರು ಬರೆದುಕೊಟ್ಟ ಪಟ್ಟಿಯ ಪ್ರಕಾರ ಯೂನಿಟ್ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಾರೆ. ಅವರಿಗೆ ಮೀಟರ್ ತಪ್ಪಿದರೆ ಆ ತಪ್ಪು ಹತ್ತು ನಿಮಿಷದಲ್ಲಿ ಚರ್ಮದ ಒಳಗೆ ಹೋಗಿರುತ್ತದೆ. ಹೆಚ್ಚು ಅಪಾಯ ಇರುವುದು ಕೆಳಗಿನ ಸಂಖ್ಯೆಗಳಲ್ಲಿ. ನಿಜ 67 ಇದ್ದಾಗ ಮೀಟರ್ 82 ಅಂದರೂ ನಿಯಮದ ಪ್ರಕಾರ ಅದು ಪಾಸು. 70ಕ್ಕಿಂತ ಕೆಳಗಿಳಿದರೆ ಲೋ ಶುಗರ್, ತಕ್ಷಣ 15 ಗ್ರಾಂ ಸಕ್ಕರೆ ತಿಂದು ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು ಅನ್ನುವುದು ಎಲ್ಲ ಡಾಕ್ಟರೂ ಹೇಳುವ ಪಾಠ. 82 ನೋಡಿದವನು ಸುಮ್ಮನೆ ಕೂತಿರುತ್ತಾನೆ. ಆದ್ದರಿಂದ ಬೆವರು, ನಡುಕ, ಕಣ್ಣು ಮಂಜು ಇದ್ದರೆ ಮೀಟರ್ ಏನೇ ಅನ್ನಲಿ, ಮೊದಲು ಬಾಯಿಗೆ ಸಕ್ಕರೆ, ಆಮೇಲೆ ವಾದ. ಅಪ್ಪನಂಥವರಿಗೆ ಒಳ್ಳೆಯ ಮೀಟರ್ ಅಂದರೆ 100ರ ಕೆಳಗೆ ಕೈಕೊಡದ ಮೀಟರ್.

ಅಮ್ಮನದು ಮೆಟ್‌ಫಾರ್ಮಿನ್ ಒಂದೇ ಮಾತ್ರೆ. ವಾರಕ್ಕೆ ಎರಡು ಸಲ ನೋಡಿಕೊಂಡು ಪುಸ್ತಕದಲ್ಲಿ ಬರೆಯುತ್ತಾರೆ. 150 ಬಂದರೂ 165 ಬಂದರೂ ಅವರು ಮಾಡುವುದು ಅದನ್ನೇ, ಸಂಜೆ ಪಾರ್ಕಿನಲ್ಲಿ ಎರಡು ಸುತ್ತು. ತಿಂಗಳಿಂದ ತಿಂಗಳಿಗೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದರೆ ಸಾಕು. ಅಂಥವರು ದುಬಾರಿ ಮೀಟರಿಗೆ ದುಡ್ಡು ಸುರಿಯಬೇಕಿಲ್ಲ. ಹಾಗಂತ ಮಾತ್ರೆಯವರೆಲ್ಲ ಒಂದೇ ಅಂದುಕೊಳ್ಳಬೇಡಿ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೂ ಲೋ ಆಗುತ್ತದೆ, ಅವರನ್ನು ಅಪ್ಪನ ಸಾಲಿಗೆ ಸೇರಿಸಿ.

ಮೂರನೆಯವಳು ತಂಗಿ. ಹೆರಿಗೆಗೆ ಬಂದಾಗ ಗರ್ಭಿಣಿಯರ ಶುಗರ್ ಅಂತ ಗೊತ್ತಾಗಿ, ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು ಅಂದಿದ್ದರು. 95 ಎಲ್ಲಿ, 15 ಮಿಲಿಗ್ರಾಂ ರಿಯಾಯಿತಿ ಎಲ್ಲಿ! 88 ಬಂದರೆ ಖುಷಿ, 101 ಬಂದರೆ ಅಳು. ಎರಡರ ನಡುವೆ ಬರೀ ಮೀಟರಿನ ಹೊಯ್ದಾಟವೂ ಇರಬಹುದು. ಅವಳಿಗೆ ಇನ್ನೂ ಒಂದು ತೊಡಕಿತ್ತು. ಹಿಮೋಗ್ಲೋಬಿನ್ 8.6.

ರಕ್ತ ಕಡಿಮೆ ಇದ್ದವರಿಗೆ ಮೀಟರ್ ಹೆಚ್ಚು ತೋರಿಸುತ್ತದೆ

ಈ ವಿಷಯವನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ, ಹೇಳಬೇಕಾದದ್ದೇ ಇದನ್ನು. ಮೀಟರ್ ಅಳೆಯುವುದು ಬೆರಳಿನ ಇಡೀ ರಕ್ತವನ್ನು, ಲ್ಯಾಬಿನವರು ಅಳೆಯುವುದು ಕೆಂಪು ಕಣ ಬೇರ್ಪಡಿಸಿದ ಪ್ಲಾಸ್ಮಾವನ್ನು. ಇಡೀ ರಕ್ತಕ್ಕಿಂತ ಪ್ಲಾಸ್ಮಾದಲ್ಲಿ ಶುಗರ್ ಸುಮಾರು ಶೇ. 11 ಹೆಚ್ಚಿರುತ್ತದೆ. ಈಗಿನ ಮೀಟರುಗಳು ಅದನ್ನು ಒಳಗೇ ಲೆಕ್ಕ ಹಾಕಿ ಪ್ಲಾಸ್ಮಾದ ಸಂಖ್ಯೆಯನ್ನೇ ತೋರಿಸುತ್ತವೆ. ಆ ಲೆಕ್ಕ ಹಾಕುವಾಗ ಹಲವು ಮೀಟರುಗಳು ರಕ್ತದಲ್ಲಿ ಕೆಂಪು ಕಣ ಮಾಮೂಲಿನಷ್ಟಿದೆ ಎಂದು ನಂಬಿಕೊಂಡಿರುತ್ತವೆ. ಕಣ ಕಡಿಮೆ ಇದ್ದರೆ ಸಂಖ್ಯೆ ನಿಜಕ್ಕಿಂತ ಮೇಲೆ, ಹೆಚ್ಚಿದ್ದರೆ ಕೆಳಗೆ.

ಕೆಂಪು ಕಣದ ಪ್ರಮಾಣಕ್ಕೆ ಹಿಮ್ಯಾಟೊಕ್ರಿಟ್ ಅನ್ನುತ್ತಾರೆ. ಹಿಮೋಗ್ಲೋಬಿನ್ನನ್ನು ಮೂರರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ತಂಗಿಯದು 8.6, ಅಂದರೆ ಸುಮಾರು 26. ಸ್ಟ್ರಿಪ್ ಡಬ್ಬದೊಳಗೆ ಇರುವೆ ಅಕ್ಷರದಲ್ಲಿ ಮುದ್ರಿಸಿದ ಕಾಗದವಿರುತ್ತದಲ್ಲ, ನಾವು ಬಿಚ್ಚದೆ ಬಿಸಾಡುವಂಥದ್ದು, ಅದರಲ್ಲಿ ಈ ಮಿತಿ ಬರೆದಿರುತ್ತಾರೆ. ಕೆಲವು ಸ್ಟ್ರಿಪ್ಪಿನದು 30ರಿಂದ 55, ಕೆಲವದು 10ರಿಂದ 65. ತಂಗಿಗೆ ಮೊದಲನೆಯ ಜಾತಿಯ ಸ್ಟ್ರಿಪ್ ಕೆಲಸಕ್ಕೇ ಬರುವುದಿಲ್ಲ, ಅದು ಎಷ್ಟು ದೊಡ್ಡ ಕಂಪನಿಯದೇ ಆಗಿರಲಿ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನನ್ನ ಮಟ್ಟಿಗೆ, ನಮ್ಮಲ್ಲಿ ಮೀಟರ್ ಆರಿಸುವಾಗ ಮೊದಲು ನೋಡಬೇಕಾದ ಸಾಲು ಇದೇ. ಬ್ಲೂಟೂತು, ಬಣ್ಣದ ಪರದೆ ಎಲ್ಲ ಆಮೇಲೆ. ಕಿಡ್ನಿ ತೊಂದರೆಯಿಂದ ರಕ್ತ ಇಳಿದವರಿಗೂ ಇದೇ ಮಾತು.

ಸ್ಟ್ರಿಪ್ಪಿನ ಒಳಗೆ ಯಾವ ಕಿಣ್ವ?

ಮೀಟರ್ ಬರೀ ಲೆಕ್ಕದವನು. ಕೆಲಸ ಮಾಡುವುದು ಸ್ಟ್ರಿಪ್ಪಿನ ತುದಿಯಲ್ಲಿರುವ ಕಿಣ್ವ. ಅದು ಗ್ಲೂಕೋಸಿನ ಜೊತೆ ವರ್ತಿಸಿ ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಹೆಚ್ಚಿನ ಮೀಟರುಗಳು ಅಳೆಯುತ್ತವೆ. ಬಣ್ಣ ಬದಲಾಗುವುದನ್ನು ಬೆಳಕಿನಿಂದ ಓದುವ ಜಾತಿಯೂ ಇದೆ. ನಮ್ಮ ಕಡೆ ಮನೆಮನೆಯಲ್ಲಿ ಕಾಣುವ ಅಕ್ಯು-ಚೆಕ್ ಆಕ್ಟಿವ್ ಈ ಎರಡನೇ ಜಾತಿಯದು. ಅದರ ಸ್ಟ್ರಿಪ್ಪನ್ನು ತಿರುಗಿಸಿ, ಹಿಂಭಾಗದ ದುಂಡು ಕಿಟಕಿಯ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಕಣ್ಣಳತೆಯಲ್ಲಿ ಹೋಲಿಸಬಹುದು. ಸಂಖ್ಯೆಗೂ ಬಣ್ಣಕ್ಕೂ ತಾಳೆಯಾಗದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ಬೆಳಕಿನದೋ ವಿದ್ಯುತ್ತಿನದೋ ಎಂಬುದರ ಮೇಲೆ ಮಾತ್ರ ಒಂದನ್ನು ಮೇಲು, ಇನ್ನೊಂದನ್ನು ಕೀಳು ಅನ್ನುವುದಕ್ಕೆ ಬರುವುದಿಲ್ಲ.

ಕಿಣ್ವದ ವಿಷಯದಲ್ಲಿ ಮಾತ್ರ ಇಬ್ಬರು ಎಚ್ಚರ ವಹಿಸಬೇಕು. ಗ್ಲೂಕೋಸ್ ಆಕ್ಸಿಡೇಸ್ ಇರುವ ಸ್ಟ್ರಿಪ್ ರಕ್ತದ ಆಮ್ಲಜನಕಕ್ಕೆ ಬಗ್ಗುತ್ತದೆ: ಆಮ್ಲಜನಕ ಹೆಚ್ಚಿದ್ದರೆ ಕಡಿಮೆ ತೋರಿಸುತ್ತದೆ, ಕಡಿಮೆ ಇದ್ದರೆ ಹೆಚ್ಚು. ಮನೆಯಲ್ಲಿ ಆಕ್ಸಿಜನ್ ಹಾಕಿಕೊಳ್ಳುವವರಿಗೆ ಗ್ಲೂಕೋಸ್ ಡಿಹೈಡ್ರೋಜಿನೇಸ್ ಜಾತಿಯ ಸ್ಟ್ರಿಪ್ ಮೇಲು. ಆದರೆ ಆ ಜಾತಿಯಲ್ಲೂ ಪಿಕ್ಯುಕ್ಯು ಎಂಬ ಒಳಪಂಗಡವಿದೆ, ಅದಕ್ಕೆ ಗ್ಲೂಕೋಸೂ ಮಾಲ್ಟೋಸ್ ಎಂಬ ಬೇರೆ ಸಕ್ಕರೆಯೂ ಒಂದೇ ಥರ ಕಾಣುತ್ತವೆ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಐಕೋಡೆಕ್ಸ್‌ಟ್ರಿನ್ ದ್ರಾವಣ ಬಳಸಿದರೆ ರಕ್ತದಲ್ಲಿ ಮಾಲ್ಟೋಸ್ ಸೇರಿ, ಮೀಟರ್ ಇಲ್ಲದ ಶುಗರನ್ನು ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟು ಜೀವ ಹೋದ ಪ್ರಕರಣಗಳಿದ್ದವು. 2009ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸುವ ಹೊತ್ತಿಗೆ ಅದರ ಕಡತದಲ್ಲಿ ಅಂಥ 13 ಸಾವು ದಾಖಲಾಗಿದ್ದವು. ಡಯಾಲಿಸಿಸ್‌ನವರು ಡಾಕ್ಟರನ್ನು ಕೇಳದೆ ಸ್ಟ್ರಿಪ್ ಬದಲಿಸಬಾರದು.

ಬೆರಳಿಗಂಟಿದ ಮಾವಿನ ಹಣ್ಣು

ಇಷ್ಟೆಲ್ಲ ಓದಿಕೊಂಡ ಮೇಲೂ ನಮ್ಮ ಮನೆಯಲ್ಲಿ ಆದ ಅತಿ ದೊಡ್ಡ ತಪ್ಪು ಮೀಟರಿನದಲ್ಲ. ಮೇ ತಿಂಗಳು, ಅಪ್ಪ ಮೊಮ್ಮಕ್ಕಳಿಗೆ ರಸಪುರಿ ಹಣ್ಣಿನ ಸಿಪ್ಪೆ ಬಿಡಿಸಿ ಕೊಟ್ಟು, ಪಂಚೆಯ ಅಂಚಿಗೆ ಕೈ ಒರೆಸಿಕೊಂಡು, ಊಟಕ್ಕೆ ಮುಂಚೆ ಚುಚ್ಚಿಕೊಂಡರು. 268! ಒಂದು ಹೋಳನ್ನೂ ತಿಂದಿರಲಿಲ್ಲ ಪಾಪ. ಅಮ್ಮ ಮಾತ್ರ ತಿಂದೇ ತಿಂದಿದ್ದಾರೆ ಅಂತ ಹಟ ಹಿಡಿದರು. ಸೋಪು ಹಾಕಿ ಕೈ ತೊಳೆದು, ಟವೆಲ್ಲಿನಲ್ಲಿ ಒಣಗಿಸಿ, ಇನ್ನೊಂದು ಬೆರಳು ಚುಚ್ಚಿದೆವು. 171.

ಯಾಕೆ ಹೀಗೆ ಅಂತ ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಸ್ಟ್ರಿಪ್ ಹೀರಿಕೊಳ್ಳುವುದು ಸುಮಾರು 0.6 ಮೈಕ್ರೋಲೀಟರ್ ರಕ್ತ. ಶುಗರ್ 160 ಇದ್ದರೆ ಅಷ್ಟು ರಕ್ತದಲ್ಲಿರುವ ಗ್ಲೂಕೋಸ್ ಒಂದು ಮೈಕ್ರೋಗ್ರಾಂ ಮುಟ್ಟುವುದಿಲ್ಲ, ಅಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ಇಲ್ಲ. ಬೆರಳ ಗೆರೆಯೊಳಗೆ ಕಣ್ಣಿಗೆ ಕಾಣದಷ್ಟು ಹಣ್ಣಿನ ರಸ ಉಳಿದರೂ ಅದರ ಮುಂದೆ ಅದೇ ದೊಡ್ಡದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಕು ಅನ್ನುವವರಿದ್ದಾರೆ, ಸಾಲದು. ಸ್ಪಿರಿಟ್ ಆರುವ ಮುಂಚೆ ಚುಚ್ಚಿದರೆ ಅದೂ ರಕ್ತಕ್ಕೆ ಬೆರೆಯುತ್ತದೆ. ನೀರೇ ಒಳ್ಳೆಯದು, ಚಳಿಗಾಲದಲ್ಲಿ ಬೆಚ್ಚಗಿನ ನೀರು. ತೊಳೆಯಲು ಆಗದ ಕಡೆ, ಬಸ್ಸಿನಲ್ಲೋ ಮದುವೆ ಮನೆಯಲ್ಲೋ, ಮೊದಲ ಹನಿ ಒರೆಸಿ ಹಾಕಿ ಎರಡನೆಯದನ್ನು ಮುಟ್ಟಿಸಿ. ಬೆರಳನ್ನು ನಿಂಬೆಹಣ್ಣಿನಂತೆ ಹಿಂಡಬೇಡಿ, ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ.

ಸ್ಟ್ರಿಪ್ಪಿಗೂ ಮರ್ಯಾದೆ ಬೇಕು. ಹೆಚ್ಚಿನವನ್ನು 30 ಡಿಗ್ರಿಯೊಳಗೆ ಇಡಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್‌ನಲ್ಲಿ ಕಪಾಟಿನೊಳಗೂ ಅಷ್ಟು ತಂಪು ಸಿಗುವುದು ಕಷ್ಟ. ಮಂಗಳೂರಿನವರಿಗೆ ತೇವದ ಕಾಟ. ಮುಚ್ಚಳ ತೆಗೆದರೆ ತಕ್ಷಣ ಹಾಕಬೇಕು, ಒಂದು ಸ್ಟ್ರಿಪ್ಪನ್ನೂ ಚೀಟಿಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಬಾರದು. ಡಬ್ಬಿ ಒಡೆದ ಮೇಲೆ ಮೂರೋ ಆರೋ ತಿಂಗಳಲ್ಲಿ ಮುಗಿಸಿ ಅನ್ನುವ ಕಂಪನಿಗಳಿವೆ, ಎಕ್ಸ್‌ಪೈರಿ ದಿನದವರೆಗೂ ನಡೆಯುತ್ತದೆ ಅನ್ನುವವೂ ಇವೆ. ಅಮ್ಮನಂತೆ ವಾರಕ್ಕೆ ಎರಡು ಸಲ ನೋಡುವವರಿಗೆ 50ರ ಡಬ್ಬಿ ಆರು ತಿಂಗಳು ಬರುತ್ತದೆ. ಅಂಥವರು 25ರ ಡಬ್ಬಿ ಕೊಳ್ಳುವುದೇ ವಾಸಿ, ಒಂದೊಂದಕ್ಕೆ ರೂಪಾಯಿ ಎರಡು ಹೆಚ್ಚು ಬಿದ್ದರೂ ಚಿಂತೆಯಿಲ್ಲ.

ಲ್ಯಾಬಿನ ಜೊತೆ ತಾಳೆ ನೋಡುವುದು

"ಲ್ಯಾಬಲ್ಲಿ 138 ಬಂತು, ಮನೆಯಲ್ಲಿ 181, ಮೀಟರ್ ಹಾಳಾಗಿದೆ" ಅನ್ನುವ ಮಾತು ದಿನಾ ಕೇಳುತ್ತೇವೆ. ವಿಚಾರಿಸಿದರೆ ಲ್ಯಾಬಿನದು ತೋಳಿನ ರಕ್ತ, ತಿಂಡಿಯಾದ ಮೇಲೆ ತೆಗೆದದ್ದು. ಮೀಟರಿನದು ಮನೆಗೆ ಬಂದು ಮುಕ್ಕಾಲು ಗಂಟೆಗೆ ನೋಡಿದ್ದು. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ತೋಳಿನ ರಕ್ತಕ್ಕಿಂತ ಶುಗರ್ ನಿಜವಾಗಿಯೂ ಹೆಚ್ಚಿರುತ್ತದೆ, 20ರಿಂದ 40ರಷ್ಟು ಆದರೂ ಅಚ್ಚರಿಯಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಎರಡೂ ಹತ್ತಿರ ಹತ್ತಿರ. ಆದ್ದರಿಂದ ಹೋಲಿಸುವುದಾದರೆ ಫಾಸ್ಟಿಂಗ್‌ನಲ್ಲೇ ಹೋಲಿಸಿ. ಮೀಟರನ್ನು ಲ್ಯಾಬಿಗೇ ಒಯ್ದು, ಅವರು ರಕ್ತ ತೆಗೆದ ಐದು ನಿಮಿಷದೊಳಗೆ ಬೆರಳು ಚುಚ್ಚಿಕೊಳ್ಳಿ. ತೋಳಿನಿಂದ ತೆಗೆದ ರಕ್ತವನ್ನೇ ಸ್ಟ್ರಿಪ್ಪಿಗೆ ಹಾಕಿಸಬೇಡಿ.

ಲ್ಯಾಬಿನ ಸಂಖ್ಯೆಯೂ ದೇವರ ವಾಕ್ಯವಲ್ಲ. ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು. ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಹುಡುಗ ಇನ್ನೂ ಆರು ಮನೆ ಸುತ್ತಿ ಬಿಸಿಲಲ್ಲಿ ಬೈಕಿನಲ್ಲಿ ಲ್ಯಾಬ್ ಮುಟ್ಟುವ ಹೊತ್ತಿಗೆ 160 ಇದ್ದದ್ದು 140ರ ಹತ್ತಿರಕ್ಕೆ ಇಳಿದಿರಬಹುದು. ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ, ಅದು ಈ ಇಳಿತವನ್ನು ತಡೆಯುತ್ತದೆ. ಆದರೆ ತಕ್ಷಣ ತಡೆಯುವುದಿಲ್ಲ, ಪೂರ್ತಿ ಹಿಡಿತಕ್ಕೆ ಬರಲು ಗಂಟೆಯಾದರೂ ಬೇಕು. ಹೋಲಿಕೆಗೆ ಅಂತ ಮಾಡಿಸುವ ದಿನ ನೀವೇ ಲ್ಯಾಬಿಗೆ ಹೋಗಿ.

ಲೆಕ್ಕ ಹೀಗೆ: ಲ್ಯಾಬ್ 160, ಮೀಟರ್ 178 ಬಂದರೆ ಅಂತರ 18. 18ನ್ನು 160ರಿಂದ ಭಾಗಿಸಿದರೆ ಶೇ. 11, ಸರಿಯಿದೆ. ಲ್ಯಾಬ್ 84, ಮೀಟರ್ 97 ಬಂದರೆ ಅಂತರ 13, ಅದೂ ಸರಿ. ಲ್ಯಾಬ್ 120, ಮೀಟರ್ 149 ಬಂದರೆ ಶೇ. 24, ಅನುಮಾನ ಪಡಿ. ಒಂದೇ ಸಲಕ್ಕೆ ಮೀಟರ್ ಬಿಸಾಡಬೇಡಿ, ಇನ್ನೊಂದು ದಿನ ಹೊಸ ಡಬ್ಬಿಯ ಸ್ಟ್ರಿಪ್ಪಿನಲ್ಲಿ ನೋಡಿ.

ಇದಕ್ಕಿಂತ ಅಗ್ಗದ ಪರೀಕ್ಷೆಯೂ ಇದೆ, ಮೂರು ಸ್ಟ್ರಿಪ್ಪಿನ ಖರ್ಚು. ಐದು ನಿಮಿಷದೊಳಗೆ ಮೂರು ಸಲ ನೋಡಿ. 158, 162, 155 ಬಂದರೆ ಆ ಮೀಟರಿನ ಕೈ ಸ್ಥಿರ. 140, 171, 158 ಬಂದರೆ ಸರಾಸರಿ ಹೆಚ್ಚುಕಡಿಮೆ ಅದೇ, ಆದರೆ ನಾನದನ್ನು ಕೊಳ್ಳುವುದಿಲ್ಲ. ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿದ್ದರೆ ಮನೆಯವರೆಲ್ಲ ಒಗ್ಗಿಕೊಳ್ಳುತ್ತಾರೆ. ಒಮ್ಮೆ ಮುಂದೆ ಒಮ್ಮೆ ಹಿಂದೆ ಓಡಿದರೆ ಬಸ್ಸು ತಪ್ಪುತ್ತದೆ.

ಕಂಪನಿಯವರು ಕಂಟ್ರೋಲ್ ಸೊಲ್ಯೂಷನ್ ಅಂತ ಸಣ್ಣ ಸೀಸೆ ಕೊಡುತ್ತಾರೆ. ಅದರ ಹನಿ ಹಾಕಿದಾಗ ಸ್ಟ್ರಿಪ್ ಡಬ್ಬಿಯ ಮೇಲೆ ಮುದ್ರಿಸಿದ ಎರಡು ಸಂಖ್ಯೆಗಳ ನಡುವೆ ಬರಬೇಕು. ಅಂಗಡಿಯಲ್ಲಿ ಕೇಳಿದರೆ ಪಿಳಿಪಿಳಿ ನೋಡುತ್ತಾರೆ, ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ. ಅದು ಹೇಳುವುದು ಸ್ಟ್ರಿಪ್ ಕೆಟ್ಟಿಲ್ಲ, ಮೀಟರ್ ಕೆಟ್ಟಿಲ್ಲ ಎಂಬುದನ್ನು ಮಾತ್ರ. ನಿಮ್ಮ ರಕ್ತಕ್ಕೆ ಅದು ಹೊಂದುತ್ತದೆಯೇ ಎಂಬುದು ಬೇರೆ ವಿಷಯ.

ಯಾವ ಕಂಪನಿ?

ಎಲ್ಲರೂ ಕಾಯುವ ಪ್ರಶ್ನೆ ಇದು. ಅಮೆರಿಕದ ಡಯಾಬಿಟಿಸ್ ಟೆಕ್ನಾಲಜಿ ಸೊಸೈಟಿ ಅಲ್ಲಿನ ಮಾರುಕಟ್ಟೆಯ 18 ಮೀಟರುಗಳನ್ನು ತಾನೇ ಕೊಂಡು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಸರ್ಕಾರದ ಒಪ್ಪಿಗೆ ಪಡೆದೇ ಮಾರಾಟವಾಗುತ್ತಿದ್ದ ಮೀಟರುಗಳವು, ಆದರೂ ಪೂರ್ತಿ ಪಾಸಾದದ್ದು 6 ಮಾತ್ರ. ಕಾಂಟೂರ್ ನೆಕ್ಸ್ಟ್ ಎಲ್ಲಕ್ಕಿಂತ ಮುಂದಿತ್ತು. ಅಕ್ಯು-ಚೆಕ್ ಅವೀವಾ ಪ್ಲಸ್, ಫ್ರೀಸ್ಟೈಲ್ ಲೈಟ್ ಕೂಡ ಆ ಆರರಲ್ಲಿದ್ದವು. ವಾಲ್‌ಮಾರ್ಟ್ ತನ್ನ ಹೆಸರಲ್ಲಿ ಮಾರುವ ಅಗ್ಗದ ಮೀಟರೂ ಪಾಸಾಯಿತು, ಹೆಸರುವಾಸಿ ಕಂಪನಿಗಳ ಕೆಲವು ಆಗಲಿಲ್ಲ. ಈ ಪಟ್ಟಿ ಹಿಡಿದು ನಮ್ಮೂರ ಅಂಗಡಿಗೆ ಹೋಗುವ ಹಾಗಿಲ್ಲ, ಏಕೆಂದರೆ ಇಲ್ಲಿ ಸಿಗುವ ಮಾದರಿಗಳೇ ಬೇರೆ. ಬೆಲೆಯೂ ಹೆಸರೂ ನೋಡಿ ನಿಖರತೆ ಅಳೆಯಬಾರದು ಎಂಬುದಷ್ಟು ಅದರಿಂದ ಸಿಗುತ್ತದೆ.

ಇಲ್ಲಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಐಎಸ್‌ಒ 15197ರ ಪಕ್ಕ 2013 ಎಂಬ ಇಸವಿ ಇದೆಯೇ ನೋಡಿ, ತಯಾರಿಕೆ ಅಥವಾ ಆಮದಿನ ಪರವಾನಗಿ ಸಂಖ್ಯೆ ನೋಡಿ. ವಿದೇಶದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಮೀಟರಾದರೆ ಎರಡು ತೊಂದರೆ. ಸ್ಟ್ರಿಪ್ ಇಲ್ಲಿ ಸಿಗದಿರಬಹುದು. ಇಂಗ್ಲೆಂಡ್, ಆಸ್ಟ್ರೇಲಿಯಾದಿಂದ ಬಂದದ್ದು ಮಿಲಿಮೋಲ್ ಲೆಕ್ಕದಲ್ಲಿ 7.2 ಅಂತ ತೋರಿಸುತ್ತದೆ. 18ರಿಂದ ಗುಣಿಸಿದರೆ 130. ವಯಸ್ಸಾದವರ ಕೈಗೆ ಅದನ್ನು ಕೊಡಬೇಡಿ.

ದುಡ್ಡಿನ ವಿಷಯ: ಮೀಟರ್ ಅಗ್ಗ, ಸ್ಟ್ರಿಪ್ ದುಬಾರಿ. ಒಂದಕ್ಕೆ ಸುಮಾರು 10ರಿಂದ 25 ರೂಪಾಯಿ ಬೀಳುತ್ತದೆ. ದಿನಕ್ಕೆ ಮೂರು ಸಲ ನೋಡುವವರಿಗೆ ಆ ಅಂತರವೇ ವರ್ಷಕ್ಕೆ 16 ಸಾವಿರ ರೂಪಾಯಿ. ಅಗ್ಗದ್ದು ಮೇಲಿನ ಪರೀಕ್ಷೆಯಲ್ಲಿ ಗೆದ್ದರೆ, ದುಬಾರಿ ಸ್ಟ್ರಿಪ್ಪಿನಲ್ಲಿ ಜಿಪುಣತನ ಮಾಡಿ ದಿನಕ್ಕೊಮ್ಮೆ ನೋಡುವುದಕ್ಕಿಂತ ಅದರಲ್ಲೇ ಮೂರು ಸಲ ನೋಡುವುದು ಮೇಲು. ಕೈ ನಡುಗುವವರಿಗೆ, ರಕ್ತ ಸಾಲದಿದ್ದರೆ ಅದೇ ಸ್ಟ್ರಿಪ್ಪಿಗೆ ಇನ್ನೊಂದು ಹನಿ ಸೇರಿಸಲು ಬಿಡುವ ಮೀಟರ್ ತೆಗೆದುಕೊಡಿ, ತಿಂಗಳಿಗೆ ನಾಲ್ಕೈದು ಸ್ಟ್ರಿಪ್ ಉಳಿಯುತ್ತವೆ.

ತೋಳಿಗೆ ಅಂಟಿಸುವ ಸೆನ್ಸರ್ ಬೇರೆಯೇ ವಸ್ತು. ಅದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು ಅಳೆಯುತ್ತದೆ, ಆದ್ದರಿಂದ ಶುಗರ್ ವೇಗವಾಗಿ ಏರಿಳಿಯುವಾಗ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ರಾತ್ರಿ ನಿದ್ದೆಯಲ್ಲಿ ಲೋ ಆಗುವವರಿಗೆ ಅದು ವರ. ಹಾಗಂತ ಮೀಟರ್ ಕಪಾಟು ಸೇರುವುದಿಲ್ಲ: ಸೆನ್ಸರ್ ಒಂದು ಹೇಳಿ ಮೈ ಇನ್ನೊಂದು ಹೇಳಿದಾಗ ಬೆರಳನ್ನೇ ಕೇಳಬೇಕು.

ನಮ್ಮ ಮನೆಯ ಎರಡು ಮೀಟರನ್ನೂ ಒಂದು ಭಾನುವಾರ ಲ್ಯಾಬಿಗೆ ಒಯ್ದೆವು. ಲ್ಯಾಬ್ 149, ಹಳೆಯದು 141, ಹೊಸದು 166. ಎರಡೂ ಪಾಸು. ಮೂರು ಸಲದ ಪರೀಕ್ಷೆಯಲ್ಲಿ ಹೊಸದು 31 ಅಂಕ ಜಿಗಿಯಿತು, ಹಳೆಯದು 6. ಅಪ್ಪ ಹಳೆಯದನ್ನೇ ಇಟ್ಟುಕೊಂಡರು, ಅದರ ಡಬ್ಬಿ ಒಡೆದ ತಾರೀಖನ್ನು ಮಾರ್ಕರಿನಲ್ಲಿ ಮುಚ್ಚಳದ ಮೇಲೆ ಬರೆಯುತ್ತಾರೆ. ಹೊಸದು ಅಮ್ಮನ ಪಾಲಿಗೆ ಬಂತು. ತಂಗಿಗೆ ಹಿಮ್ಯಾಟೊಕ್ರಿಟ್ ಮಿತಿ 10ರಿಂದ ಶುರುವಾಗುವ ಮೂರನೆಯದೊಂದನ್ನು ಕೊಂಡೆವು. ಅಣ್ಣನ ರಿಯಾಯಿತಿ ಡಬ್ಬಿಯಲ್ಲಿ ಇನ್ನು ಹನ್ನೊಂದು ಸ್ಟ್ರಿಪ್ ಉಳಿದಿವೆ.